ವಿದೇಶಕ್ಕೆ ಹೊರಟು ಶೀಳನೆರೆ ಬಸ್ಸು ತಪ್ಪಿಸಿಕೊಂಡದ್ದು

ಹೊರಡುವ ಮುನ್ನ

ನಾನು ವಿದೇಶಕ್ಕೆ ಹೋಗಿ ಬಂದವನು ಎಂದು ನಂಬಿದವರು ನಮ್ಮೂರಲ್ಲಿ ಇವತ್ತಿಗೂ ಇದ್ದಾರೆ. ಆ ನಂಬಿಕೆ ಕೆಡಿಸಲು ಇಷ್ಟು ವರ್ಷ ನನಗೂ ಮನಸ್ಸಿರಲಿಲ್ಲ. ಈಗ ನಿವೃತ್ತನಾಗಿದ್ದೇನೆ, ಪಿಂಚಣಿ ಸರಿಯಾಗಿ ಬರುತ್ತಿದೆ, ಸುಳ್ಳಿನಿಂದ ಸಿಗುವುದೇನೂ ಉಳಿದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ತೊಂಬತ್ತರ ದಶಕದ ನಡುವಿನ ಮಾತು. ಬೆಳಗಾವಿ ಜಿಲ್ಲೆಯ ಒಂದು ಹಳ್ಳಿಯಲ್ಲಿ ನಾನು ಕಿರಿಯ ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯ. ನಾಡಿನ ಮಕ್ಕಳನ್ನೆಲ್ಲ ಶಾಲೆಗೆ ತಂದು ಕೂರಿಸುವ ದೊಡ್ಡ ಯೋಜನೆಯೊಂದು ಆಗ ನಮ್ಮ ಜಿಲ್ಲೆಗೂ ಮಂಡ್ಯ ಜಿಲ್ಲೆಗೂ ಬಂದಿತ್ತು. ಅದರಡಿ ಕೆಲವು ಶಿಕ್ಷಕರನ್ನು ಅಧ್ಯಯನಕ್ಕೆಂದು ಥಾಯ್ಲೆಂಡಿಗೆ ಕಳಿಸುತ್ತಾರೆಂದು ಪಟ್ಟಿ ಬಂತು. ಪಟ್ಟಿಯಲ್ಲಿ ನನ್ನ ಹೆಸರಿತ್ತು. ಊರವರು ಚಾವಡಿಯ ಮುಂದೆ ಹಾರ ಹಾಕಿದರು. ಪಂಚಾಯ್ತಿ ಅಧ್ಯಕ್ಷರು ನನ್ನನ್ನು ಊರಿನ ಕಳಸ ಎಂದರು. ವಿದೇಶವೆಂದರೆ ಚಳಿ ಎಂದು ತಿಳಿದ ನನ್ನ ಹೆಂಡತಿ ಕೆಂಪು ಉಣ್ಣೆಯ ಸ್ವೆಟರ್ ಹೆಣೆದಳು. ಭಾವಮೈದುನ ತನ್ನ ಸೂಟ್‌ಕೇಸ್ ಕೊಟ್ಟ. ಅದರ ಒಂದು ಹಿಡಿಕೆ ಸಡಿಲವಿದೆ ಎಂಬುದನ್ನು ಮಾತ್ರ ಹೇಳಲಿಲ್ಲ.

ಹಾರದ ಹೂವು ಬಾಡುವ ಮೊದಲೇ ಎರಡನೆಯ ಆದೇಶ ಬಂತು. ಹಿಂದಿನ ಆದೇಶದಲ್ಲಿ 'ಥಾಯ್ಲೆಂಡ್' ಎಂದಿರುವಲ್ಲಿ 'ಮಂಡ್ಯ ಜಿಲ್ಲೆ' ಎಂದು ಓದಿಕೊಳ್ಳತಕ್ಕದ್ದು. ಅಷ್ಟೇ, ಒಂದು ಸಾಲು. ನಾನು ಅದನ್ನು ಮಡಚಿ ಸೂಟ್‌ಕೇಸಿನ ತಳದಲ್ಲಿಟ್ಟೆ. ಹಾರ ಹಾಕಿಸಿಕೊಂಡ ಮೇಲೆ ಮಂಡ್ಯಕ್ಕೆ ಹೊರಟಿದ್ದೇನೆ ಎಂದು ಯಾವ ಮುಖ ಇಟ್ಟುಕೊಂಡು ಹೇಳುವುದು? ಜನವರಿಯ ಒಂದು ಬೆಳಿಗ್ಗೆ ಊರೆಲ್ಲ ಕೈ ಬೀಸಿತು. ನಾನೂ ಬೀಸಿದೆ.

ಶ್ರೀರಂಗಪಟ್ಟಣ

ಶ್ರೀರಂಗಪಟ್ಟಣದಲ್ಲಿ ರೈಲು ಇಳಿಯುವಾಗಲೇ ಹಿಡಿಕೆ ಕಿತ್ತು ಕೈಗೆ ಬಂತು. ಸೂಟ್‌ಕೇಸನ್ನು ಎಳೆಮಗುವಿನ ಹಾಗೆ ಎದೆಗವಚಿಕೊಂಡು, ಸ್ವೆಟರ್ ತೊಟ್ಟು, ಬಿಸಿಲಲ್ಲಿ ಬೆವರುತ್ತ ಟೀ ಅಂಗಡಿಯ ಮುಂದೆ ನಿಂತೆ. ಬೆಂಚಿನ ಮೇಲೆ ಕೂತಿದ್ದ ಒಬ್ಬ ಮತ್ತೊಬ್ಬನನ್ನು ಕಂಡವನೇ, "ಎಲ್ಲಿ ಓಗಿದ್ಲಾ, ಸತ್ತೋಗ್ಬುಟ್ಟಿದ್ದಾ?" ಎಂದು ಕೂಗಿದ. ಜಗಳ ಹತ್ತಿತೆಂದು ನಾನು ಎರಡು ಹೆಜ್ಜೆ ಹಿಂದೆ ಸರಿದೆ. ನೋಡಿದರೆ ಇಬ್ಬರೂ ಒಂದೇ ಟೀಯನ್ನು ಎರಡು ಲೋಟಕ್ಕೆ ಹಂಚಿಕೊಂಡು ಕುಡಿಯುತ್ತಿದ್ದಾರೆ. ನಮ್ಮ ಕಡೆ ನಾಯಿಯನ್ನು ಓಡಿಸುವಾಗಲೂ 'ರೀ' ಹಚ್ಚುವ ಜನ ನಾವು. ಥಾಯ್ಲೆಂಡಿಗೆ ಹೋಗಿದ್ದರೂ ಇಷ್ಟು ಬೆಚ್ಚುತ್ತಿರಲಿಲ್ಲ.

ಕಿರಂಗೂರಿನ ಒಬ್ಬ ಶಿಕ್ಷಕರ ಮನೆಯಲ್ಲಿ ನನ್ನ ವಸತಿ. ಊಟಕ್ಕೆ ರಾಗಿ ಮುದ್ದೆ, ಬಸ್ಸಾರು. ರೊಟ್ಟಿ ಅಗಿದು ಬೆಳೆದ ಹಲ್ಲು ಸುಮ್ಮನಿರುತ್ತದೆಯೇ, ಅಗಿದೆ. ಮುದ್ದೆ ಅಂಗುಳಕ್ಕೆ ಮೆತ್ತಿಕೊಂಡು ಬಾಯಿ ತೆರೆಯದಾಯಿತು. ಮನೆಮಂದಿಯೆಲ್ಲ ಊಟ ನಿಲ್ಲಿಸಿ ನೋಡಿದರು. ಮುದ್ದೆಯನ್ನು ಅಗಿಯಬಾರದು, ಸಾರಿನಲ್ಲಿ ಅದ್ದಿ ನುಂಗಬೇಕು ಎಂದು ಮನೆಯ ಅಜ್ಜಿ ತಾನೇ ನುಂಗಿ ತೋರಿಸಿದಳು. ಮೂರನೆಯ ದಿನಕ್ಕೆ ನಾನು ನುಂಗುವುದರಲ್ಲಿ ಪಾಸಾದೆ. ಆಮೇಲೆ ನೋಡಿದ್ದನ್ನೆಲ್ಲ ನುಂಗಲು ಆ ಅಭ್ಯಾಸ ಉಪಯೋಗಕ್ಕೆ ಬಂತು.

ಪಾಂಡವಪುರ

ಪಾಂಡವಪುರದ ರಸ್ತೆಗಳಲ್ಲಿ ಕಬ್ಬಿನ ಎತ್ತಿನಗಾಡಿ, ಟ್ರಾಕ್ಟರುಗಳ ಸಾಲು. ಊರಿಗೆ ಊರೇ ಬೆಲ್ಲದ ವಾಸನೆ. ಅಲ್ಲಿ ಶಿಕ್ಷಕರ ತರಬೇತಿ ನಡೆದಿತ್ತು. ಮಕ್ಕಳು ನಲಿಯುತ್ತ ಕಲಿಯಬೇಕು ಎಂಬುದು ಹೊಸ ನೀತಿ. ಆದ್ದರಿಂದ ಶಿಕ್ಷಕರು ಮೊದಲು ನಲಿಯತಕ್ಕದ್ದು. ಮೀಸೆ ಸರಿಯಾಗಿ ಮೂಡದ ತರಬೇತುದಾರನೊಬ್ಬ ನಮ್ಮನ್ನೆಲ್ಲ ದುಂಡಗೆ ನಿಲ್ಲಿಸಿ ಕಪ್ಪೆಯ ಹಾಡು ಹೇಳಿಸಿ ಕುಪ್ಪಳಿಸಲು ಹೇಳಿದ. ನನ್ನ ಪಕ್ಕದಲ್ಲಿ ಐವತ್ತು ದಾಟಿದ ಗಟ್ಟಿ ಆಳೊಬ್ಬರು ಕುಪ್ಪಳಿಸುತ್ತಿದ್ದರು. ಪ್ರತಿ ನೆಗೆತಕ್ಕೂ ಅವರ ಮಂಡಿ ಲಟಕ್ ಎನ್ನುತ್ತಿತ್ತು.

"ಇಪ್ಪತ್ತೆಂಟ್ ವರ್ಸ ಸರ್ವೀಸ್ ಮಾಡಿ ಕಡೀಕೆ ಕಪ್ಪೆ ಆಗ್ಬುಟ್ಟೆ ಕಣ್ ಸಾ" ಎಂದರು.

ಅವರೇ ನಿಂಗೇಗೌಡರು. ಕೆ.ಆರ್.ಪೇಟೆ ತಾಲ್ಲೂಕಿನಲ್ಲಿ ಶೀಳನೆರೆಯ ಹತ್ತಿರದ ಒಂದು ಹಳ್ಳಿಯ ಮುಖ್ಯೋಪಾಧ್ಯಾಯರು. ಹಳ್ಳಿಯ ಹೆಸರು ಬರೆಯುವುದಿಲ್ಲ, ಬರೆದರೆ ಅವರು ಮಂಡಿನೋವಿನಲ್ಲೂ ಬಸ್ಸು ಹತ್ತಿ ಬಂದು ನನ್ನನ್ನು ವಿಚಾರಿಸಿಕೊಳ್ಳುತ್ತಾರೆ. ಅವರ ಊರಲ್ಲಿ ಶಾಲೆಯಿಂದ ಹೊರಗಿರುವ ಮಗು ಒಂದೂ ಇಲ್ಲವಂತೆ, ನೂರಕ್ಕೆ ನೂರಂತೆ. ಬಂದು ನೋಡಿ, ನಿಮ್ಮ ಊರಿಗೆ ಹೋಗಿ ಹೇಳಿ ಎಂದರು. ಅಧ್ಯಯನ ಮಾಡಲು ಬಂದವನಿಗೆ ಇನ್ನೇನು ಬೇಕು? ನಾಳೆಯೇ ಬರುತ್ತೇನೆ ಎಂದೆ.

ಕೆ.ಆರ್.ಪೇಟೆ

ಕೆ.ಆರ್.ಪೇಟೆಯ ಬಸ್ ನಿಲ್ದಾಣದಲ್ಲಿ ಹತ್ತು ವರ್ಷದ ಹುಡುಗಿಯೊಂದು ನನ್ನ ಸ್ವೆಟರಿನ ತೋಳು ಜಗ್ಗಿತು. ಜೊತೆಗೆ ಅವಳ ಅಜ್ಜಿ. ಅಜ್ಜಿಗೆ ಕಣ್ಣು ತೋರಿಸಲು ಆಸ್ಪತ್ರೆಗೆ ಬಂದವರು. ಎದುರಿಗೆ ಗುರುಗುಡುತ್ತ ನಿಂತಿದ್ದ ಬಸ್ಸು ಶೀಳನೆರೆ ಕಡೆಗೆ ಹೋಗುತ್ತದೆಯೇ, ಬೋರ್ಡು ಓದಿ ಹೇಳಿ ಎಂದಳು ಹುಡುಗಿ. ನಾನೂ ಅದೇ ಬಸ್ಸಿಗೆ ಕಾಯುತ್ತಿದ್ದವನು. ಕನ್ನಡಕ ಏರಿಸಿ ಓದಿದೆ. 'ನಾಗಮಂಗಲ' ಎಂದಿತ್ತು. ಇದಲ್ಲ ಎಂದೆ.

ಹುಡುಗಿ ಒಪ್ಪಲಿಲ್ಲ. ಈ ಬಸ್ಸಿನ ಎಡಗಡೆಯ ಲೈಟು ಒಡೆದಿದೆ, ದಿನಾ ನಮ್ಮೂರಿಗೆ ಬರುವುದು ಇದೇ ಎಂದಳು. ಅಜ್ಜಿ ಅವಳನ್ನು ಗದರಿದಳು. "ಓದ್ಕಂಡೋರು ಯೋಳ್ತಾವ್ರೆ, ನಿಂಗೇನ್ ಗೊತ್ತಮ್ಮಿ, ಸುಮ್ಕಿರು."

ಬಸ್ಸು ಹೊರಟುಹೋಯಿತು. ವಿಚಾರಣೆಯ ಕಿಟಕಿಯಲ್ಲಿದ್ದವನನ್ನು ಕೇಳಿದರೆ ಶೀಳನೆರೆಗೆ ಹೋಗುವುದು ಅದೇ ಬಸ್ಸಂತೆ. ಬೆಳಿಗ್ಗೆ ನಾಗಮಂಗಲದಿಂದ ಬಂದದ್ದು, ಬೋರ್ಡು ಬದಲಿಸಿರಲಿಲ್ಲ. ಊರವರಿಗೆಲ್ಲ ಗೊತ್ತಿರುವ ಬಸ್ಸಿಗೆ ಬೋರ್ಡೇಕೆ ಎಂಬುದು ಇಲ್ಲಿಯ ಕಂಡಕ್ಟರುಗಳ ಲೆಕ್ಕಾಚಾರ. ಇನ್ನೊಂದು ಬಸ್ಸಿಗೆ ಎರಡು ಗಂಟೆ ಕಾಯಬೇಕು. ಅಜ್ಜಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಬೆನ್ನು ತಿರುಗಿಸಿ ಕೂತಳು. ದಂಡದ ರೂಪದಲ್ಲಿ ನಾನು ಕಡಲೆಕಾಯಿ ಕೊಡಿಸಿದೆ.

ಹುಡುಗಿಯ ಹೆಸರು ಭಾಗ್ಯ. ಶಾಲೆಗೆ ಹೋಗುತ್ತೀಯಾ ಎಂದು ಮೇಷ್ಟರ ಚಾಳಿಯಲ್ಲಿ ಕೇಳಿದೆ. "ಇಸ್ಕೂಲ್ನಾಗೆ ಇವ್ನಿ, ಆದ್ರೆ ಓಗಲ್ಲ" ಎಂದಳು. ಇವರ ಕನ್ನಡ ನನಗೆ ಅರ್ಥವಾಗಲಿಲ್ಲ ಎಂದುಕೊಂಡು ಮತ್ತೊಮ್ಮೆ ಕೇಳಿದೆ. ಮತ್ತೆ ಅದನ್ನೇ ಹೇಳಿದಳು. ಬಿಡಿಸಿ ಹೇಳುವಷ್ಟರಲ್ಲಿ ಅರ್ಧ ಪೊಟ್ಟಣ ಕಡಲೆಕಾಯಿ ಮುಗಿದಿತ್ತು.

ಆದದ್ದಿಷ್ಟು. ಅವಳಿಗೆ ಆರು ವರ್ಷವಾದಾಗ ಅಪ್ಪ ಅವ್ವ ಆಲೆಮನೆಗಳಿಗೆ ಕಬ್ಬು ಕಡಿಯಲು ಊರೂರು ತಿರುಗುತ್ತಿದ್ದರು, ಅವಳೂ ಜೊತೆಗಿದ್ದಳು. ಆ ವರ್ಷ ಊರಲ್ಲಿ ತಮಟೆ ಬಡಿದು ದಾಖಲಾತಿ ಆಂದೋಲನ ನಡೆಯಿತು. ಮೇಷ್ಟ್ರು ಮನೆಮನೆಯ ರೇಷನ್ ಕಾರ್ಡು ನೋಡಿ, ಊರಲ್ಲಿದ್ದ ಮಕ್ಕಳು, ಇಲ್ಲದ ಮಕ್ಕಳು ಎಲ್ಲರ ಹೆಸರನ್ನೂ ಒಂದೇ ಮಧ್ಯಾಹ್ನ ಬರೆದುಕೊಂಡರು. ಯಾರನ್ನೂ ಫೇಲು ಮಾಡಬಾರದು ಎಂಬ ನಿಯಮವಿತ್ತು, ಹೀಗಾಗಿ ಪುಸ್ತಕದಲ್ಲಿದ್ದ ಭಾಗ್ಯ ವರ್ಷಕ್ಕೊಂದು ತರಗತಿ ಏರುತ್ತ ಹೋದಳು. ಊರಿಗೆ ಮರಳಿದ ಭಾಗ್ಯ ಕಲಿಯಬೇಕೆಂದು ಶಾಲೆಗೆ ಹೋದರೆ, ನೀನು ಆಗಲೇ ಮೂರನೇ ಕ್ಲಾಸು ಎಂದರು. ಒಂದು ವಾರ ಮೂರನೆಯದರಲ್ಲಿ ಕೂತಳು. 'ಅ' ಬರದವಳಿಗೆ ಪದ್ಯ ಓದು ಎಂದರೆ ಏನು ಮಾಡುತ್ತಾಳೆ? ಮಕ್ಕಳು ನಕ್ಕರು, ಎದ್ದು ಬಂದಳು. ಒಂದನೆಯದರಲ್ಲಿ ಕೂರಿಸಿ ಎಂದು ಕೇಳಿದಳು, ಪುಸ್ತಕದಲ್ಲಿ ಒಂದೇ ಹೆಸರು ಎರಡು ಕಡೆ ಇರಕೂಡದಂತೆ. ಶಾಲೆ ಬಿಟ್ಟ ಮಕ್ಕಳಿಗೆ ಸಂಜೆ ಪಾಠ ಹೇಳುವ ಕೇಂದ್ರಕ್ಕೂ ಹೋದಳು. ನೀನು ಶಾಲೆ ಬಿಟ್ಟವಳಲ್ಲ, ದಿನಾ ಹಾಜರಿದ್ದೀಯ ಎಂದು ಅಲ್ಲಿಂದಲೂ ಕಳಿಸಿದರು. ಈಗ ನಾಲ್ಕನೆಯ ತರಗತಿ, ಆ ಶಾಲೆಯಲ್ಲಿ ಅದೇ ಕೊನೆಯದು. ಏಪ್ರಿಲ್ ಬಂದರೆ ಪಾಸು, ಆ ಶಾಲೆಯ ಋಣ ಮುಗಿಯಿತು.

ಅಜ್ಜಿಗೆ ಇದರಲ್ಲಿ ದುಃಖವೇನೂ ಇರಲಿಲ್ಲ. ಹಾಜರಾತಿ ಚೆನ್ನಾಗಿರುವ ಮಕ್ಕಳಿಗೆ ತಿಂಗಳಿಗೆ ಮೂರು ಕಿಲೋ ಅಕ್ಕಿ ಕೊಡುವ ಯೋಜನೆ ಆಗ ಬಂದಿತ್ತು. "ಇಸ್ಕೂಲ್ಗೆ ಓದ್ರೂ ಅಕ್ಕಿ ಕೊಡ್ತಾರೆ, ಓಗ್ದಿದ್ರೂ ಕೊಡ್ತಾವ್ರೆ. ಇನ್ಯಾಕ್ ಓಗ್ಬೇಕು?" ಎಂದು ಬೆನ್ನು ತಿರುಗಿಸಿಕೊಂಡೇ ಹೇಳಿದಳು. ಇದಕ್ಕೆ ಉತ್ತರ ನಮ್ಮ ಯಾವ ತರಬೇತಿಯಲ್ಲೂ ಹೇಳಿಕೊಟ್ಟಿರಲಿಲ್ಲ.

ಹಾಗಾದರೆ ನಿನಗೇಕೆ ಓದುವ ಆಸೆ ಎಂದು ಭಾಗ್ಯಳನ್ನು ಕೇಳಿದೆ. ಬೋರ್ಡು ಓದಲು ಬಂದರೆ ಯಾರನ್ನೂ ಕೇಳಬೇಕಿಲ್ಲ ಎಂದಳು. ಬೋರ್ಡೇ ಸುಳ್ಳು ಹೇಳಿತಲ್ಲ ಎಂದೆ.

"ಬೋರ್ಡೂ ಓದ್ತೀನಿ, ಲೈಟೂ ನೋಡ್ತೀನಿ. ಆಮ್ಯಾಲೆ ಬಸ್ ಅತ್ತುತೀನಿ."

ಇಪ್ಪತ್ತು ವರ್ಷ ಪಾಠ ಹೇಳಿದ ನನಗೆ ಲೈಟು ನೋಡುವ ಬುದ್ಧಿ ಹೊಳೆದಿರಲಿಲ್ಲ.

ಶೀಳನೆರೆಯ ಕಡೆ

ಇಳಿದು ನೋಡಿದರೆ ಭಾಗ್ಯಳ ಊರೂ ನಿಂಗೇಗೌಡರ ಊರೂ ಒಂದೇ. ನನ್ನ ಹಿಡಿಕೆಯಿಲ್ಲದ ಸೂಟ್‌ಕೇಸನ್ನು ಭಾಗ್ಯ ತಲೆಯ ಮೇಲಿಟ್ಟುಕೊಂಡು ನಿಂಗೇಗೌಡರ ಮನೆಯವರೆಗೆ ಬಂದಳು. ಅವರು ಒಳಗಿದ್ದರು, ಅವಳನ್ನು ನೋಡಲಿಲ್ಲ.

ಮರುದಿನ ಶಾಲೆ. ಗೇಟಿನ ಪಕ್ಕದ ಗೋಡೆಯ ಮೇಲೆ ಹಸಿರು ಬಣ್ಣದಲ್ಲಿ 'ಈ ಗ್ರಾಮದಲ್ಲಿ ಶಾಲೆಯಿಂದ ಹೊರಗುಳಿದ ಮಗು ಒಂದೂ ಇಲ್ಲ' ಎಂದು ಬರೆಸಿದ್ದರು. ಅಂಥದ್ದೇ ಗೋಡೆ ನನ್ನ ಶಾಲೆಯಲ್ಲೂ ಇದೆ, ನಮ್ಮದು ನೀಲಿ. ನಾನು ವಿದೇಶ ನೋಡದೆ ಬಂದ ಕಥೆ ಕೇಳಿ ನಿಂಗೇಗೌಡರು ಕನಿಕರಪಟ್ಟು, ಸರ್ಕಾರ ಕೊಟ್ಟ ಟ್ರಂಕಿನ ಬೀಗ ತೆಗೆದು, ಪ್ಲಾಸ್ಟಿಕ್ ಚೀಲ ಬಿಚ್ಚಿ ಗ್ಲೋಬು ಹೊರತೆಗೆದರು. ಮುರಿದರೆ ತಪಾಸಣೆಯಲ್ಲಿ ಉತ್ತರ ಹೇಳಬೇಕಾದೀತೆಂದು ಅದನ್ನು ಎಂದೂ ತೆಗೆದಿರಲಿಲ್ಲವಂತೆ. ನನ್ನ ಥಾಯ್ಲೆಂಡು ಬೆರಳುಗುರಿನಷ್ಟಿತ್ತು. ಮಕ್ಕಳು ಮುಗಿಬಿದ್ದು ನೋಡಿದರು.

ಆಮೇಲೆ ನಾಲ್ಕನೆಯ ತರಗತಿಯ ಹಾಜರಿ. ನಿಂಗೇಗೌಡರು ಹೆಸರು ಕೂಗುತ್ತ ಹೋದರು. "ಭಾಗ್ಯ" ಎಂದರು. ಎರಡು ಜಡೆಯ ಕ್ಲಾಸ್ ಲೀಡರು ಕೂತಲ್ಲಿಂದಲೇ "ಆಜರ್ ಸಾ" ಎಂದಳು. ಯಾರೂ ನಗಲಿಲ್ಲ, ತಲೆ ಎತ್ತಲೂ ಇಲ್ಲ. ದಿನಾ ನಡೆಯುವ ಕೆಲಸ. ನಾನು ಕಿಟಕಿಯ ಕಡೆ ನೋಡಿದೆ. ಹೊರಗೆ ಕಂಬಿ ಹಿಡಿದುಕೊಂಡು ಭಾಗ್ಯ ನಿಂತಿದ್ದಳು. ತನ್ನ ಹೆಸರಿಗೆ ಬೇರೊಬ್ಬಳು ಓಗೊಡುವುದನ್ನು ಕೇಳುತ್ತಿದ್ದಳು.

ಮಕ್ಕಳನ್ನು ಆಟಕ್ಕೆ ಬಿಟ್ಟ ಮೇಲೆ ನಾನು ಬಾಯಿಬಿಟ್ಟೆ. ನಿಂಗೇಗೌಡರು ಸಿಟ್ಟಾಗಲಿಲ್ಲ, ಸುಸ್ತಾದರು. ಮೇಲಿನಿಂದ ನೂರಕ್ಕೆ ನೂರು ಬರೆದುಕೊಡು ಎಂದರು, ಬರೆದುಕೊಟ್ಟೆ ಎಂದರು. ತೊಂಬತ್ತು ಎಂದು ಬರೆದ ಪಕ್ಕದೂರಿನವನಿಗೆ ನೋಟಿಸು ಬಂತಂತೆ. ಒಮ್ಮೆ ಬರೆದ ಮೇಲೆ ಆ ಹುಡುಗಿಯನ್ನು ಈಗ ಹೊಸದಾಗಿ ಸೇರಿಸಿಕೊಂಡರೆ, ಮೂರೂವರೆ ವರ್ಷ ಹಾಜರಿ ಹಾಕಿದ್ದು ಯಾರಿಗೆ ಎಂಬ ಪ್ರಶ್ನೆ ಬರುತ್ತದೆ. ಅವರು ಕೆಟ್ಟ ಮನುಷ್ಯರಲ್ಲ. ಸ್ವಲ್ಪ ಯೋಚಿಸಿ ಒಂದು ದಾರಿಯನ್ನೂ ಹುಡುಕಿದರು. ಭಾಗ್ಯಳನ್ನು ಒಳಗೆ ಕರೆದು, 'ಭಾಗ್ಯಲಕ್ಷ್ಮಿ, ಆರು ವರ್ಷ' ಎಂದು ಬರೆದುಕೊಂಡು ಒಂದನೆಯ ತರಗತಿಗೆ ಸೇರಿಸಿಕೊಳ್ಳುತ್ತೇನೆ ಎಂದರು. ಜನನ ಪತ್ರವಿಲ್ಲದ ಮಕ್ಕಳಿಗೆ ತಲೆಯ ಮೇಲಿಂದ ಕೈ ಹಾಯಿಸಿ ಆಚೆ ಕಿವಿ ಮುಟ್ಟಿಸಿ ವಯಸ್ಸು ಹಾಕುವುದು ನಮ್ಮೆಲ್ಲರ ಪದ್ಧತಿ. ಭಾಗ್ಯ ಕೈ ಹಾಯಿಸಿದರೆ ಅದು ಕಿವಿ ದಾಟಿ ಗದ್ದಕ್ಕೆ ಬರುತ್ತಿತ್ತು. ಆದರೂ ಆರು ಎಂದು ಬರೆಯಬಹುದು, ಯಾರು ಅಳೆಯುತ್ತಾರೆ?

ಭಾಗ್ಯ ಗೋಡೆಗೆ ಒರಗಿ ನಿಂತು ಯೋಚಿಸಿದಳು.

"ಬ್ಯಾಡ ಸಾ. ನನ್ ಎಸ್ರು ಭಾಗ್ಯ. ನಂಗೆ ಅದ್ನೇ ಬರಿಯಾಕ್ ಕಲ್ಸಿ. ಪುಸ್ತಕ್ದಾಗಿರೋ ಅವ್ಳಿಗೆ ಬ್ಯಾರೆ ಎಸ್ರು ಇಕ್ಕಿ."

ನಿಂಗೇಗೌಡರು ಪೆನ್ನಿನ ಮುಚ್ಚಳ ಹಾಕಿದರು. ನನಗೆ ನಾಚಿಕೆಯಾಯಿತು, ಅವರ ಪರವಾಗಿ ಅಲ್ಲ. ನನ್ನ ಹಾಜರಿ ಪುಸ್ತಕದಲ್ಲಿ ಇಂಥವರು ಹನ್ನೊಂದು ಜನ. ಅವರಿಗೆ ದಿನಾ ಹಾಜರಿ ಹಾಕಿ, ಪರೀಕ್ಷೆಯಲ್ಲಿ ಅಂಕ ಕೊಟ್ಟು, ಅಕ್ಕಿಯ ಜೊತೆ ಪ್ರಗತಿ ಪತ್ರವನ್ನೂ ಮನೆಗೆ ಕಳಿಸುತ್ತಿದ್ದೆ. ಥಾಯ್ಲೆಂಡಿನ ಪಟ್ಟಿಯಲ್ಲಿ ನನ್ನ ಹೆಸರು ಬಂದದ್ದೇ ಆ ನೂರಕ್ಕೆ ನೂರರ ಮೇಲೆ.

ನಾಗಮಂಗಲ

ನಾಗಮಂಗಲದ ಕಡೆ ಹೋಗುತ್ತಿದ್ದಂತೆ ಗದ್ದೆ ಮುಗಿದು ತೆಂಗು, ಹೊಲ, ಬಂಡೆ ಶುರುವಾದವು. ನಮ್ಮ ಕಡೆಯ ಒಣ ಗಾಳಿ ಅಲ್ಲಿ ಸಿಕ್ಕಿ ಹಾಯೆನಿಸಿತು. ಕೊನೆಯ ಸಭೆ ಅಲ್ಲಿ. ಎಲ್ಲ ಊರುಗಳ ಮುಖ್ಯೋಪಾಧ್ಯಾಯರು ಬಂದಿದ್ದರು. ವೇದಿಕೆಯ ಮೇಲೆ ಒಬ್ಬ ಹಿರಿಯ ಅಧಿಕಾರಿ, ಅವರ ಮುಂದೆ ಎಳನೀರು. ಹೊರಗಿನಿಂದ ಬಂದ ಅತಿಥಿಗಳು ತಮ್ಮ ಅನಿಸಿಕೆ ಹೇಳತಕ್ಕದ್ದು.

ಮೂರನೆಯ ಸಾಲಿನಲ್ಲಿ ನಿಂಗೇಗೌಡರು ಕೂತಿದ್ದರು. ನಾನು ಬಾಯಿ ತೆರೆದರೆ ಅವರ ನೌಕರಿ, ಮುಚ್ಚಿದರೆ ಏಪ್ರಿಲ್‌ನಲ್ಲಿ ಭಾಗ್ಯ ಅಕ್ಷರವಿಲ್ಲದೆ ಪಾಸು. ಅವರು ನನ್ನನ್ನು ನೋಡದೆ ಫ್ಯಾನು ನೋಡುತ್ತಿದ್ದರು.

ಮೈಕು ಹಿಡಿದು, ಇಲ್ಲಿಯ ಶಾಲೆಗಳ ಬಗ್ಗೆ ಹೇಳುವ ಯೋಗ್ಯತೆ ನನಗಿಲ್ಲ, ನನ್ನ ಶಾಲೆಯ ಬಗ್ಗೆ ಹೇಳುತ್ತೇನೆ ಎಂದೆ. ಹನ್ನೊಂದು ಮಕ್ಕಳ ಕಥೆ ಹೇಳಿದೆ. ಅವರ ಪರವಾಗಿ ಹಾಜರಿ ಕೂಗಲು ಒಬ್ಬ ಲೀಡರನ್ನು ನಾನೇ ತಯಾರು ಮಾಡಿದ್ದು, ಅವರಲ್ಲಿ ಯಾರಾದರೂ ನಿಜವಾಗಿ ಬಂದು ಕಲಿಸಿ ಎಂದರೆ ಕೂರಿಸಲು ನನ್ನಲ್ಲಿ ಜಾಗವಿಲ್ಲದಿರುವುದು, ಎಲ್ಲ ಹೇಳಿದೆ. ಆಮೇಲೆ ಹಿಂದಿನ ಸಾಲಿನಿಂದ ಒಬ್ಬರು "ನಮ್ಮಲ್ಲೂ ಅವ್ರೆ ಸಾ" ಎಂದರು. ಇನ್ನೊಂದು ಕಡೆಯಿಂದ ಮತ್ತೊಬ್ಬರು ಕೆಮ್ಮಿದರು. ಅದೂ ಒಪ್ಪಿಗೆಯ ಕೆಮ್ಮೇ.

ಅಧಿಕಾರಿ ಎಳನೀರು ಕೆಳಗಿಟ್ಟು, ಅತಿಥಿಗಳ ಜಿಲ್ಲೆಯ ವಿಚಾರ ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದು ವಂದನಾರ್ಪಣೆಗೆ ಹೇಳಿದರು. ಮುಗಿಯಿತು ಎಂದುಕೊಂಡೆ. ಆದರೆ ಕಾಫಿಯ ಹೊತ್ತಿಗೆ ಅವರು ಮುಖ್ಯೋಪಾಧ್ಯಾಯರ ಗುಂಪಿನ ನಡುವೆ ನಿಂತು, ಯಾರಿಗೂ ಹೇಳಿದಂತಿಲ್ಲದ ದನಿಯಲ್ಲಿ ಒಂದು ಮಾತು ಹೇಳಿದರು. ಬಹಳ ದಿನ ಬಾರದ ಮಗುವಿನ ಹೆಸರು ತೆಗೆದು, ಬಂದ ದಿನ ಮತ್ತೆ ಸೇರಿಸಿಕೊಳ್ಳಲು ನಿಯಮವಿದೆ. ಯಾವ ತರಗತಿಗೆ ಎಂಬುದು ಮೇಷ್ಟರ ವಿವೇಚನೆ. ನೂರು ತೊಂಬತ್ತಾದರೆ ಈ ವರ್ಷ ನಾನು ನೋಟಿಸು ಕೊಡುವುದಿಲ್ಲ. ಹಾಗೆಂದು ಬರೆದುಕೊಡಿ ಎಂದು ಮಾತ್ರ ಕೇಳಬೇಡಿ.

ಬಸ್ ನಿಲ್ದಾಣಕ್ಕೆ ನಿಂಗೇಗೌಡರೇ ನನ್ನ ಸೂಟ್‌ಕೇಸ್ ಹೊತ್ತು ತಂದರು. ನಾಳೆ ಹಸಿರು ಗೋಡೆಗೆ ಸುಣ್ಣ ಹೊಡೆಸುತ್ತೇನೆ, ಭಾಗ್ಯಳ ಹೆಸರು ತೆಗೆದು ಅವಳ ಹೆಸರಿನಲ್ಲೇ ಒಂದನೆಯದಕ್ಕೆ ಬರೆದುಕೊಳ್ಳುತ್ತೇನೆ ಎಂದರು. ಬಂದರಷ್ಟೇ ಹಾಜರಿ, ಹಾಜರಿದ್ದರಷ್ಟೇ ಅಕ್ಕಿ. ಇನ್ನು ಅಜ್ಜಿಯೇ ಅವಳನ್ನು ದಿನಾ ಎಳೆದು ತರುತ್ತಾಳಂತೆ. ಆಮೇಲೆ ಕೇಳಿದರು.

"ನನ್ನ ಉಳ್ಸಾಕೆ ಆ ಅನ್ನೊಂದು ಮಕ್ಕಳ ಕತೆ ಕಟ್ಟುದ್ರಾ?"

"ಇಲ್ರಿ. ಅವು ನಮ್ಮವ" ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. ಬಸ್ಸು ಬಂತು. ನಾನು ಬೋರ್ಡು ಓದಿದೆ, ಕಂಡಕ್ಟರನನ್ನೂ ಕೇಳಿದೆ, ಲೈಟನ್ನೂ ನೋಡಿದೆ. ನಿಂಗೇಗೌಡರು ಸೂಟ್‌ಕೇಸನ್ನು ಕಿಟಕಿಯಿಂದ ಒಳಗೆ ತುರುಕಿ, "ಉಸಾರಾಗಿ ಓಗ್ಬಾರ್ಲಾ" ಎಂದರು. ಇಷ್ಟು ದಿನದ 'ಸಾ' ಹೋಗಿ 'ಲಾ' ಬಂದಿತ್ತು. ಊರಲ್ಲಿ ಹಾಕಿದ ಹಾರಕ್ಕಿಂತ ಅದು ನನಗೆ ಹೆಚ್ಚೆನಿಸಿತು.

ನಮ್ಮೂರು

ಊರವರು ವಿದೇಶ ಹೇಗಿತ್ತು ಎಂದರು. ಅಲ್ಲಿಯ ಜನ ಅಗಿಯದೆ ನುಂಗುತ್ತಾರೆ, ಬೈದು ಪ್ರೀತಿಸುತ್ತಾರೆ ಎಂದೆ. ಬೆರಗಾದರು. ಹೆಂಡತಿ ಸ್ವೆಟರ್ ಉಪಯೋಗಕ್ಕೆ ಬಂತೇ ಎಂದಳು. ಬಂತು ಎಂದೆ, ಬಸ್ಸಿನಲ್ಲಿ ದಿಂಬಾಗಿ ಬಂದದ್ದನ್ನು ಹೇಳಲಿಲ್ಲ.

ಮರುದಿನ ಶಾಲೆಯಲ್ಲಿ ಲೀಡರಿಗೆ ಬಾಯಿ ಮುಚ್ಚಿಕೊಂಡಿರಲು ಹೇಳಿ ಹಾಜರಿ ಕೂಗಿದೆ. ಹನ್ನೊಂದು ಹೆಸರುಗಳಿಗೆ ಉತ್ತರ ಬರಲಿಲ್ಲ. ಅವನ್ನು ಚೀಟಿಯಲ್ಲಿ ಬರೆದುಕೊಂಡು ಸಂಜೆ ಊರೊಳಗೆ ಹೊರಟೆ. ಮೊದಲ ಹೆಸರು ರೇಣುಕಾ, ಮೂರನೆಯ ತರಗತಿ.

ರೇಣುಕಾಳ ಅವ್ವ ನನ್ನನ್ನು ಕಂಡು ಗಡಿಬಿಡಿಯಿಂದ ಕಂಬಳಿ ಹಾಸಿದಳು. ಒಳಗೆ ಹೋಗಿ ದೇವರ ಫೋಟೋದ ಹಿಂದಿನಿಂದ ಒಂದು ಕಾಗದ ತಂದಳು. ನಾನು ಅಕ್ಕಿಯ ಜೊತೆ ಕಳಿಸಿದ ಪ್ರಗತಿ ಪತ್ರ. ಅರಿಶಿನ ಕುಂಕುಮ ಹಚ್ಚಿದ್ದರು. ಮನೆಯಲ್ಲಿ ಓದುವವರಿಲ್ಲ, ಏನು ಬರೆದಿದ್ದೀರಿ ಓದಿ ಹೇಳಿ ಎಂದಳು. ಓದಿದೆ. ಕನ್ನಡ, ಅರವತ್ತೆರಡು. ನಡತೆ, ಉತ್ತಮ. ಹಾಜರಾತಿ, ಪೂರ್ಣ.

ರೇಣುಕಾ ಬಾಗಿಲ ಹತ್ತಿರ ನಿಂತು ಕೇಳುತ್ತಿದ್ದಳು. "ನಾ ಪರೀಕ್ಷಾ ಯಾವಾಗ ಬರದಿದ್ನಿರಿ ಸರ?" ಎಂದಳು.

"ನೀ ಬರದಿಲ್ಲವ್ವಾ. ನಾನ ಬರದೇನಿ" ಎಂದೆ. ನಾಳೆಯಿಂದ ಶಾಲೆಗೆ ಬಾ, ಮೊದಲಿನಿಂದ ಶುರು ಮಾಡೋಣ ಎಂದೂ ಹೇಳಿದೆ.

ಅವಳ ಅವ್ವ ಆ ಕಾಗದವನ್ನು ಮತ್ತೆ ದೇವರ ಹಿಂದೆ ಇಡಲಿಲ್ಲ. ಕುಂಕುಮ ಒರೆಸಿ ನನ್ನ ಕೈಗೆ ಕೊಟ್ಟಳು.

"ಹಂಗಾರ ಇದು ನಿಮ್ದರಿ ಸರ."

ಅರವತ್ತೆರಡು ಅಂಕ ಜೇಬಿನಲ್ಲಿಟ್ಟುಕೊಂಡು ಉಳಿದ ಹತ್ತು ಮನೆಗಳಿಗೆ ಹೋದೆ.